ಮಳೆಗಾಲದಲ್ಲಿ ಬೈನಾಕ್ಯುಲರ್ ಬೂಷ್ಟು ಹಿಡಿಯದಿರಲು

ಲೆನ್ಸ್ ಮೇಲೆ ಧೂಳು ಕಂಡರೆ ಅಂಗಿಯ ಚುಂಗು ಹಿಡಿದು ಒರೆಸುವವರೇ ಹೆಚ್ಚು. ಆ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಉಜ್ಜಿದಷ್ಟೂ ಗಾಜಿನ ಮೇಲಿನ ತೆಳು ಲೇಪಕ್ಕೆ ಗೀರು ಬೀಳುತ್ತದೆ. ಬೈನಾಕ್ಯುಲರನ್ನು ಬೋರಲಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ನಾಲ್ಕೈದು ಸಲ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಉಗುಳು ಸಿಡಿಯುತ್ತದೆ. ಆಮೇಲೆ ಮೆತ್ತನೆಯ ಬ್ರಷ್. ಅದಕ್ಕೂ ಹೋಗದ ಜಿಡ್ಡಿಗೆ ಮಾತ್ರ ಒಂದೆರಡು ಹನಿ ಲೆನ್ಸ್ ಕ್ಲೀನರ್. ಹನಿಯನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ. ನೇರ ಲೆನ್ಸಿಗೆ ಹಾಕಿದರೆ ಅಂಚಿನ ಸಂದಿಯಿಂದ ಒಳಗಿಳಿಯಬಹುದು. ನಡುವಿನಿಂದ ಅಂಚಿಗೆ, ಒತ್ತದೆ, ಸುತ್ತುತ್ತಾ ಒರೆಸಿ. ರೆಪ್ಪೆಯ ಜಿಡ್ಡು ಹತ್ತುವ ಕಣ್ಣಿನ ಕಡೆಯ ಲೆನ್ಸಿಗೇ ಈ ಉಪಚಾರ ಬೇಕಾಗುವುದು ಹೆಚ್ಚು. ಮುಂದಿನ ದೊಡ್ಡ ಲೆನ್ಸಿಗೆ ಬಹಳ ಸಲ ಬ್ಲೋವರ್ ಒಂದೇ ಸಾಕು.

ಆಗುಂಬೆ, ಕೊಡಗು, ಕರಾವಳಿಯ ಕಡೆ ನಿಜವಾದ ಕಾಟ ಬೂಷ್ಟಿನದು. ಕತ್ತಲ ಕೋಣೆಯಲ್ಲಿ ದೊಡ್ಡ ಲೆನ್ಸಿನೊಳಗೆ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆ ಕಂಡರೆ ಅದೇ. ಬೆಳೆಯುತ್ತಾ ಅದು ಆಮ್ಲ ಬಿಡುತ್ತದೆ, ಆಮ್ಲ ಲೇಪವನ್ನು ತಿನ್ನುತ್ತದೆ. ತಡವಾದರೆ ಬೂಷ್ಟು ತೆಗೆದರೂ ಗುರುತು ಉಳಿಯುತ್ತದೆ. ನೈಟ್ರೋಜನ್ ತುಂಬಿ ಮುಚ್ಚಿದ ಮಾದರಿಗಳಲ್ಲಿ ಒಳಗಡೆ ಬೂಷ್ಟು ಅಪರೂಪ. ಹಾಗೆಂದು ಬಿಚ್ಚಿ ನೋಡಲು ಹೋದರೆ ಆ ಅನಿಲವೂ ಹೋಯಿತು, ಸೀಲೂ ಹೋಯಿತು.

ಕೂಡಿಡುವ ಬಗೆ: ಚರ್ಮದ ಚೀಲ ಬೇಡ, ಅದೇ ತೇವ ಹೀರಿಕೊಂಡು ಕೂರುತ್ತದೆ. ಒದ್ದೆಯಾದ ಬೈನಾಕ್ಯುಲರನ್ನು ಮೇಲೊರೆಸಿ, ಮುಚ್ಚಳ ತೆಗೆದು, ಒಂದು ರಾತ್ರಿ ಫ್ಯಾನ್ ಕೆಳಗಿಡಿ. ಆಮೇಲೆ ಐದಾರು ಲೀಟರಿನ, ರಬ್ಬರ್ ಅಂಚಿನ ಬಿಗಿ ಡಬ್ಬಿ; ಒಳಗೆ ಸುಮಾರು 100 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ಜೊತೆಗೊಂದು ಪುಟ್ಟ ತೇವಾಂಶಮಾಪಕ. ಮುಳ್ಳು 40-50%ರ ನಡುವೆ ನಿಂತರೆ ಸರಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ. ಹೀರುವ ತೇವಕ್ಕಿಂತ ಅದು ಉದುರಿಸುವ ಹಿಟ್ಟೇ ಜಾಸ್ತಿ.

ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ಅದು ಕರಗಿಸುತ್ತದೆ.

ಕೆಳಗೆ ಬಿದ್ದಿದ್ದರೆ ದೂರದ ಕರೆಂಟ್ ತಂತಿಯೊಂದನ್ನು ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿನಿಂದ ಮೆಲ್ಲಗೆ ಒಂದು ಗೇಣು ದೂರ ತನ್ನಿ. ಎರಡೂ ವೃತ್ತಗಳಲ್ಲಿ ತಂತಿ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಜರುಗಿದೆ ಎಂದರ್ಥ. ಸ್ಕ್ರೂಡ್ರೈವರ್ ಹುಡುಕಬೇಡಿ, ಸರ್ವೀಸ್ ಸೆಂಟರಿಗೆ ಕೊಡಿ.