ನ್ಯೂಟ್ರಲ್ ಕಟ್ಟಾದರೆ ಮನೆ ಪೂರ್ತಿ ಆಫ್: ನ್ಯೂಟ್ರಲ್ ರಿಲೇ ಪ್ಯಾನೆಲ್, ನನ್ನ ಅನುಭವ

ತ್ರೀ ಫೇಸ್ ಮನೆಗೆ ನ್ಯೂಟ್ರಲ್ ರಿಲೇ (ಕಂಬದಿಂದ ಬರುವ ನ್ಯೂಟ್ರಲ್ ತಂತಿ ಕಡಿದರೆ ಮನೆಯ ಕರೆಂಟನ್ನೇ ಆಫ್ ಮಾಡಿಸುವ ಸಾಧನ) ಬೇಕು ಅಂದರೆ ನಮ್ಮ ಕಸುಬಿನವರೇ ನಗುತ್ತಿದ್ದರು. "ಎಂಸಿಬಿ ಇದೆ, ಆರ್‌ಸಿಸಿಬಿ ಇದೆ, ಇನ್ನೇನ್ರೀ?" ಎಂಸಿಬಿ ಬೀಳುವುದು ಕರೆಂಟು ಮಿತಿ ಮೀರಿದರೆ, ಆರ್‌ಸಿಸಿಬಿ ಬೀಳುವುದು ಕರೆಂಟು ಸೋರಿದರೆ; ನ್ಯೂಟ್ರಲ್ ಹೋದದ್ದು ಎರಡಕ್ಕೂ ಗೊತ್ತಾಗದು. ಕಂಬದ ನ್ಯೂಟ್ರಲ್ ಜಂಪರ್ (ಜೋಡಣೆಯ ತುಂಡು ತಂತಿ) ಕಳಚಿದ ದಿನ ಅಕ್ಕಪಕ್ಕದಲ್ಲಿ ಟಿವಿ, ಫ್ರಿಜ್ ಬೋರ್ಡು ಎಲ್ಲ ಸುಟ್ಟವು. ಈ ಪ್ಯಾನೆಲ್ ಇದ್ದ ಮನೆಯಲ್ಲಿ ಒಂದು ಎಲ್‌ಇಡಿ ಬಲ್ಬೂ ಹೋಗಲಿಲ್ಲ. ನಕ್ಕವರೇ ಈಗ ಡ್ರಾಯಿಂಗ್ ಕೇಳುತ್ತಿದ್ದಾರೆ.

ಎಂಸಿಬಿ ಯಾಕೆ ಬೀಳುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಮೂರು ಫೇಸಿನ ಹೆಸರು ಆರ್, ವೈ, ಬಿ. ಆರ್ ಫೇಸಿನಲ್ಲಿ 2000 ವಾಟ್ ಗೀಸರ್, ವೈ ಫೇಸಿನಲ್ಲಿ 100 ವಾಟಿನ ಫಿಲಮೆಂಟ್ ಬಲ್ಬ್, ಬಿ ಖಾಲಿ ಅಂತಿಟ್ಟುಕೊಳ್ಳಿ. ನ್ಯೂಟ್ರಲ್ ಇದ್ದಾಗ ಒಂದೊಂದಕ್ಕೂ 230 ವೋಲ್ಟ್. ನ್ಯೂಟ್ರಲ್ ಹೋದರೆ ಎರಡೂ ಫೇಸ್-ಫೇಸ್ ನಡುವಿನ 400 ವೋಲ್ಟಿಗೆ ಸೀರೀಸ್, ಅಂದರೆ ಒಂದರ ಹಿಂದೊಂದು. ಬಲ್ಬಿಗೆ 380 ವೋಲ್ಟ್, ಗೀಸರಿಗೆ 20. ಹರಿಯುವ ಕರೆಂಟು ಮುಕ್ಕಾಲು ಆಂಪಿಯರ್ ಕೂಡ ಇಲ್ಲ, ಎಂಸಿಬಿ ಯಾಕೆ ಬೀಳಬೇಕು? ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತದೆ, ಲೀಕೇಜ್ ಇಲ್ಲ, ಆರ್‌ಸಿಸಿಬಿಗೂ ಏನೂ ಕಾಣುವುದಿಲ್ಲ.

ಪಂಪ್‌ಸೆಟ್ ಪ್ಯಾನೆಲಿನ ಎಸ್‌ಪಿಪಿ (ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಒಂದು ಫೇಸ್ ಹೋದರೆ ಮೋಟರ್ ಆಫ್ ಮಾಡುವುದು) ಇಲ್ಲಿ ದುಡ್ಡು ದಂಡ. ಅದು ನೋಡುವುದು ಫೇಸ್-ಫೇಸ್ ವೋಲ್ಟೇಜು. ನ್ಯೂಟ್ರಲ್ ಹೋದರೂ ಅಲ್ಲಿ 400 ಹಾಗೇ ಇರುತ್ತದೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಫೇಸಿಗೊಂದರಂತೆ ಸಿಂಗಲ್ ಫೇಸ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕುವುದು ಅಗ್ಗ, ಮೂರಕ್ಕೂ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಆದರೆ ಒಂದು ಬಿದ್ದ ಕೂಡಲೇ ಲೋಡು ಬದಲಾಗಿ ನ್ಯೂಟ್ರಲಿನ ವೋಲ್ಟೇಜ್ ಇನ್ನೊಂದು ಫೇಸಿನ ಕಡೆ ಜಾರುತ್ತದೆ, ಎರಡನೆಯದು ಬೀಳುತ್ತದೆ, ಅಷ್ಟರಲ್ಲಿ ಮೊದಲನೆಯದು ತಾನೇ ಆನ್ ಆಗುತ್ತದೆ. ಫ್ರಿಜ್ ಕಂಪ್ರೆಸರಿಗೆ ಅದೇ ಸಾಕು.

ಬೇಕಾದದ್ದು ಫೋರ್ ವೈರ್ ರಿಲೇ: ಮೂರು ಫೇಸನ್ನೂ ನ್ಯೂಟ್ರಲಿಗೆ ಹೋಲಿಸಿ ಅಳೆಯುವಂಥದ್ದು. ಕೊಳ್ಳುವಾಗ ಫೇಸ್-ನ್ಯೂಟ್ರಲ್ ನಡುವೆ 400 ವೋಲ್ಟ್ ಬಂದರೂ ತಡೆಯುತ್ತದೆಯೇ ಅಂತ ಡೇಟಾಶೀಟಿನಲ್ಲಿ ನೋಡಿ. ತಡೆಯದಿದ್ದರೆ ಮೊದಲ ಫಾಲ್ಟಿಗೇ ಹೊಗೆ. ಜೊತೆಗೆ 40 ಆಂಪಿಯರ್‌ನ ಫೋರ್ ಪೋಲ್ ಕಾಂಟ್ಯಾಕ್ಟರ್: ರಿಲೇ ಹೇಳಿದಂತೆ ಮೂರು ಫೇಸು, ನ್ಯೂಟ್ರಲ್ ನಾಲ್ಕನ್ನೂ ಒಟ್ಟಿಗೆ ಕೂಡಿಸಿ ಬಿಡಿಸುವ ಕಾಯಿಲ್ ಸ್ವಿಚ್ಚು. ನ್ಯೂಟ್ರಲನ್ನು ಒಂಟಿಯಾಗಿ ಕತ್ತರಿಸುವ ಸ್ವಿಚ್ಚು, ಫ್ಯೂಸು ಕೂಡದು ಅನ್ನುವುದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಇರುವ ಮಾತು. ಫೇಸುಗಳ ಜೊತೆಗೇ ತೆರೆದರೆ ತಕರಾರಿಲ್ಲ.

ಹೆಚ್ಚಿನವರು ಸೋಲುವುದು ಇಲ್ಲಿಂದಾಚೆ. ಕಾಂಟ್ಯಾಕ್ಟರ್ ಬಿದ್ದ ಮೇಲೆ ಲೈನಿಗೆ ರಿಲೇ ಒಂದೇ ಲೋಡು. ಅದರೊಳಗಿನ ಮೂರು ಫೇಸಿನ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಸಮ ಇದ್ದರೆ, ತುಂಡಾದ ನ್ಯೂಟ್ರಲಿನ ವೋಲ್ಟೇಜ್ ಮೂರು ಫೇಸಿನ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ರಿಲೇಗೆ 230, 230, 230 ಕಾಣುತ್ತದೆ. ಎಲ್ಲ ಸರಿಯಾಯಿತು ಅಂದುಕೊಂಡು ಮತ್ತೆ ಆನ್ ಮಾಡುತ್ತದೆ. ಲೋಡು ಬಂತು, ವೋಲ್ಟೇಜ್ ಏರಿತು, ಮತ್ತೆ ಟ್ರಿಪ್. ಆನ್ ಡಿಲೇ ಎರಡು ನಿಮಿಷ ಇದ್ದರೆ, ಲೈನ್‌ಮ್ಯಾನ್ ಬರುವವರೆಗೆ ಎರಡು ನಿಮಿಷಕ್ಕೊಂದು ಏಟು.

ಇದಕ್ಕೆ ಮದ್ದು ಜೀರೋ ಬಲ್ಬ್. ಹೆಸರಿಗೆ ಜೀರೋ, ತಿನ್ನುವುದು 12–15 ವಾಟ್. ಕಾಂಟ್ಯಾಕ್ಟರಿಗಿಂತ ಮುಂಚೆ, ಅಂದರೆ ಇನ್‌ಕಮಿಂಗ್ ಬದಿಯಲ್ಲಿ, ಆರ್ ಮತ್ತು ನ್ಯೂಟ್ರಲ್ ನಡುವೆ ಸಣ್ಣ ಫ್ಯೂಸಿನೊಂದಿಗೆ ಹಾಕಬೇಕು. ನ್ಯೂಟ್ರಲ್ ಹೋದ ಕೂಡಲೇ ಈ ಬಲ್ಬು ಅದನ್ನು ಆರ್ ಕಡೆಗೆ ಎಳೆದುಬಿಡುತ್ತದೆ. ವೈ, ಬಿ ಎರಡೂ 400ರ ಹತ್ತಿರ ಕಾಣುತ್ತವೆ, ರಿಲೇ ಟ್ರಿಪ್ಪಿನಲ್ಲೇ ನಿಲ್ಲುತ್ತದೆ. ಬಲ್ಬು ಆರಿರುವುದೇ ಗುರುತು. ಎಲ್‌ಇಡಿ ಹಾಕಿದರೆ ಈ ಕೆಲಸ ಆಗದು, ಫಿಲಮೆಂಟೇ ಬೇಕು. ಇನ್‌ಕಮಿಂಗ್ ನ್ಯೂಟ್ರಲ್ ಆಗ ಬಲ್ಬಿನ ಮೂಲಕ ಲೈವ್ ಆಗಿರುತ್ತದೆ, ಮುಟ್ಟಿದರೆ ಪ್ರಾಣಕ್ಕೆ ಅಪಾಯ. ನ್ಯೂಟ್ರಲನ್ನೂ ಕತ್ತರಿಸುವ ಫೋರ್ ಪೋಲ್ ಕಾಂಟ್ಯಾಕ್ಟರ್ ಬೇಕು ಅಂದದ್ದು ಅದಕ್ಕೇ, ತ್ರೀ ಪೋಲ್ ಸಾಲದು. ಬಲ್ಬಿನ ಬದಲು ನಾನು ಈಗ ಬೇರೊಂದು ಹಾಕುತ್ತೇನೆ, ಬಿಸಿ ಕಡಿಮೆ, ಬಾಳಿಕೆ ಜಾಸ್ತಿ. ಅದು ಸದ್ಯಕ್ಕೆ ನನ್ನ ಅನ್ನದ ಗುಟ್ಟು.

ಕಾಂಟ್ಯಾಕ್ಟರ್ ಕಾಯಿಲನ್ನು ಆರ್-ನ್ಯೂಟ್ರಲಿಗೆ ಕಟ್ಟಿದರೆ ಫಾಲ್ಟಿನಲ್ಲಿ ಅದಕ್ಕೂ 350 ಬರಬಹುದು. 415 ಕಾಯಿಲ್ ಹಾಕೋಣವೆಂದರೆ ರಿಲೇ ಕಾಂಟ್ಯಾಕ್ಟು ಸಾಮಾನ್ಯವಾಗಿ 250 ವೋಲ್ಟಿನದು. ಹಾಗಾಗಿ ವೈ-ಬಿ ನಡುವೆ 415/230 ಕಂಟ್ರೋಲ್ ಟ್ರಾನ್ಸ್‌ಫಾರ್ಮರ್, 150 ವಿಎ. ಹಿಡಿದು ನಿಲ್ಲುವುದಕ್ಕೆ ಅಷ್ಟು ಬೇಡ, ಎಳೆಯುವ ಕ್ಷಣಕ್ಕೆ ಬೇಕು. ರಿಲೇಯ ಎನ್‌ಒ ಕಾಂಟ್ಯಾಕ್ಟು (ರಿಲೇ ಆನ್ ಆದಾಗ ಮಾತ್ರ ಕೂಡುವಂಥದ್ದು) ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಬದಿಯಲ್ಲಿ.

ಸೆಟ್ಟಿಂಗ್: ಓವರ್ ವೋಲ್ಟೇಜ್ 265, ಟ್ರಿಪ್ ಡಿಲೇ ಕನಿಷ್ಠ. ಅಂಡರ್ 170, ಐದು ಸೆಕೆಂಡ್. ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರುಗಳಲ್ಲಿ ಅಂಡರ್ 190 ಇಟ್ಟರೆ ಮನೆಯವರೇ ಪ್ಯಾನೆಲ್ ಕಿತ್ತು ಹಾಕುತ್ತಾರೆ.

ಟೆಸ್ಟಿಗೆ ಮನೆ ಲೋಡಿನ ಮೇಲೆ ನ್ಯೂಟ್ರಲ್ ಬಿಚ್ಚಬೇಡಿ. ಲೋಡೆಲ್ಲ ಕಳಚಿ, ಆರ್‌ಗೆ ಎರಡು 100 ವಾಟ್ ಬಲ್ಬು ಸೀರೀಸಿನಲ್ಲಿ, ವೈಗೆ ಎರಡು 40 ವಾಟ್. ಸೀರೀಸಿನಲ್ಲಿದ್ದರೆ 400ಕ್ಕೂ ಸುಡುವುದಿಲ್ಲ. ಟೆಸ್ಟಿಗೆಂದೇ ಜೀರೋ ಬಲ್ಬಿಗಿಂತಲೂ ಹಿಂದೆ, ಅಂದರೆ ಕಂಬದ ಕಡೆ, ಸೇರಿಸಿದ ಒಂದು ಎಂಸಿಬಿಯಿಂದ ನ್ಯೂಟ್ರಲ್ ತೆರೆಯಿರಿ, ಮುಗಿದ ಮೇಲೆ ಆ ಎಂಸಿಬಿ ತೆಗೆದುಬಿಡಿ. ಮೊದಲು ರಿಲೇ ಬೈಪಾಸ್ ಮಾಡಿ ಮೀಟರ್ ಹಿಡಿದರೆ ವೈ 300ರ ಆಸುಪಾಸು, ಏನೂ ಇಲ್ಲದ ಬಿ 350 ದಾಟಿರುತ್ತದೆ.

ಇದೇ ಗುಂಗಿನಲ್ಲಿ ಟ್ರ್ಯಾಕ್ಟರಿಗೂ ಕೈ ಹಾಕಿದ್ದಾಯಿತು; ಅಲ್ಲಿ ನ್ಯೂಟ್ರಲ್ ಅಂದರೆ ಗೇರಿನದು, ತಂತಿಯದಲ್ಲ. ಗೇರ್ ನ್ಯೂಟ್ರಲಿನಲ್ಲಿ ಇಲ್ಲದೆ ಸ್ಟಾರ್ಟ್ ಆಗಬಾರದೆಂದು ಇರುವ ಸ್ವಿಚ್ಚು ಪದೇಪದೇ ಸುಡುವುದಕ್ಕೆ ಕಾರಣ, ಸೆಲ್ಫ್ ಸಾಲಿನಾಯ್ಡಿನ ಕರೆಂಟು ಪೂರ್ತಿ ಅದರ ಮೂಲಕವೇ ಹೋಗುವುದು. ನಡುವೆ 12 ವೋಲ್ಟಿನ ನಾಲ್ಕು ಪಿನ್ ರಿಲೇ ಇಟ್ಟರೆ ಸ್ವಿಚ್ಚಿನ ಪಾಲಿಗೆ ಕಾಯಿಲಿನ 150 ಮಿಲಿ ಆಂಪಿಯರ್ ಮಾತ್ರ. ರಿಲೇಯ ಪಿನ್ ನಂಬರಿನ ಪ್ರಕಾರ 86ಕ್ಕೆ ಕೀಯಿಂದ ಸ್ಟಾರ್ಟ್ ವೈರು, 85 ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಅರ್ತಿಗೆ, 30ಕ್ಕೆ ಫ್ಯೂಸ್ ದಾಟಿದ ಬ್ಯಾಟರಿ, 87 ಸಾಲಿನಾಯ್ಡಿಗೆ. ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್, ಬೆಳ್ಳಿ ಪಟ್ಟಿ 86ರ ಕಡೆಗೆ. ಖರ್ಚು ಮುನ್ನೂರೂ ಆಗುವುದಿಲ್ಲ.

ಮನೆ ಪ್ಯಾನೆಲಿಗೆ ರಿಲೇ ಮೂರು ಸಾವಿರದ ಹತ್ತಿರ, ಕಾಂಟ್ಯಾಕ್ಟರ್ ಮೂರೂವರೆ, ಟ್ರಾನ್ಸ್‌ಫಾರ್ಮರ್ ಸಾವಿರ, ಡಬ್ಬ, ವೈರು, ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಸೇರಿ ಒಟ್ಟು ಒಂಬತ್ತು ಸಾವಿರದ ಸುತ್ತ. ಲಗ್ಗಿನಲ್ಲಿ ಜಿಪುಣತನ ಬೇಡ: ಸರ್ವಿಸ್ ವೈರ್ ಅಲ್ಯೂಮಿನಿಯಂ ಆದರೆ ಬೈಮೆಟಲ್ (ಅಲ್ಯೂಮಿನಿಯಂ-ತಾಮ್ರ ಕೂಡಿದ) ಲಗ್ಗೇ ಹಾಕಿ, ತಿಂಗಳು ಕಳೆದ ಮೇಲೆ ಮೇನ್ ಆಫ್ ಮಾಡಿ ನಾಲ್ಕೂ ಪೋಲು ಮತ್ತೊಮ್ಮೆ ಟೈಟ್ ಮಾಡಿ, ನ್ಯೂಟ್ರಲಿನದು ಮೊದಲು.