ಕೊಡಗಿನಲ್ಲಿ ಸೈಕಲ್ ಪ್ರವಾಸ: ಕಿಲೋಮೀಟರ್ ಬಿಡಿ, ಸೇತುವೆ ಎಣಿಸಿ

ದಿನಕ್ಕೆ ನೂರು ಕಿಲೋಮೀಟರ್ ಎಂದು ಲೆಕ್ಕ ಹಾಕಿ ಬಂದವರು ಕೊಡಗಿನಲ್ಲಿ ಅರವತ್ತಕ್ಕೇ ಸೋತು ಕೂರುತ್ತಾರೆ. ಹುಣಸೂರಿನ ಬಯಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುಡ್ಡದ ಮೇಲೆ ಕಾಫಿ ತೋಟ, ಬುಡದಲ್ಲಿ ಗದ್ದೆ, ಗದ್ದೆಯಂಚಿನಲ್ಲಿ ತೋಡೋ ಹೊಳೆಯೋ. ರಸ್ತೆ ತೋಟದಿಂದ ಗದ್ದೆಗೆ ಇಳಿದು, ಮೋರಿ ದಾಟಿ, ಮತ್ತೆ ತೋಟಕ್ಕೆ ಹತ್ತುತ್ತದೆ. ಒಂದೊಂದು ಏರು ನಲವತ್ತು ಮೀಟರ್ ಎಂದರೂ, ದಿನಕ್ಕೆ ಇಪ್ಪತ್ತು ಸಲ ಬಂದರೆ ಎಂಟುನೂರು ಮೀಟರ್ ಆಯಿತು. ಹಾಗಾಗಿ ಹಿಂದಿನ ರಾತ್ರಿ ಮ್ಯಾಪ್ ನೋಡುವಾಗ ದೂರದ ಜೊತೆಗೆ ರಸ್ತೆ ಎಷ್ಟು ಕಡೆ ನೀರು ದಾಟುತ್ತದೆ ಎಂದು ಎಣಿಸಿ. ಅಷ್ಟು ಏರು ಖಾತ್ರಿ. ಸಾಮಾನು ಹೇರಿದ ಸೈಕಲ್ಲಿಗೆ ದಿನಕ್ಕೆ 45–50 ಕಿ.ಮೀ. ಸಾಕು.

ಗೇರು ಮೊದಲು, ಉಳಿದದ್ದು ಆಮೇಲೆ

ದುಬಾರಿ ಫ್ರೇಮಿಗಿಂತ ಇಲ್ಲಿ ಸಣ್ಣ ಗೇರು ಮುಖ್ಯ. ಲೆಕ್ಕ ನೋಡಿ. 38 ಮಿ.ಮೀ. ಟೈರಿನ 700ಸಿ ಚಕ್ರ (ರೋಡ್ ಸೈಕಲ್ಲಿನ ಸಾಮಾನ್ಯ ಅಳತೆ) ಒಂದು ಸುತ್ತಿಗೆ ಸುಮಾರು 2.18 ಮೀಟರ್ ಉರುಳುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 28 ಇದ್ದರೆ ಪೆಡಲ್ ಒಂದು ಸುತ್ತಿಗೆ 2.65 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.5 ಕಿ.ಮೀ. ಸವಾರ, ಸೈಕಲ್, ಚೀಲ ಸೇರಿ 90 ಕೆ.ಜಿ. ಆದರೆ ನೂರಕ್ಕೆ ಹತ್ತರ ಏರಿನಲ್ಲಿ ಅಷ್ಟಕ್ಕೇ 235 ವ್ಯಾಟ್ ಬೇಕು. ದಿನವಿಡೀ ಅಷ್ಟು ತುಳಿಯುವವರು ಅಪರೂಪ. ಅದೇ ಮುಂದೆ 28, ಹಿಂದೆ 34 ಇದ್ದರೆ ವೇಗ 6.5 ಕಿ.ಮೀ.ಗೆ ಇಳಿಯುತ್ತದೆ, ಬೇಕಾದ ಶಕ್ತಿ 160 ವ್ಯಾಟ್‌ಗೆ. ನಿಧಾನ ನಿಜ, ಆದರೆ ಮಂಡಿ ಉಳಿಯುತ್ತದೆ.

ಟೈರಿನ ಗಾಳಿ ಹಿಂದಕ್ಕೆ 50 ಪಿಎಸ್ಐ, ಮುಂದಕ್ಕೆ 45. ಮಳೆ ಬಿದ್ದರೆ ಎರಡಕ್ಕೂ ಐದು ಕಮ್ಮಿ. ಸಾಮಾನು ಹತ್ತು ಕೆ.ಜಿ. ಒಳಗಿರಲಿ, ಚೀಲ ಚಕ್ರದ ಪಕ್ಕ ಆದಷ್ಟು ಕೆಳಗೆ ತೂಗಲಿ. ಎರಡು ಟ್ಯೂಬ್, ಪ್ಯಾಚು, ಪಂಪು, ಚೈನ್ ಕಟರ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿಗೆ ಸರಿಯಾದ ಎರಡು ಕ್ವಿಕ್ ಲಿಂಕ್, ನಿಮ್ಮದೇ ಫ್ರೇಮಿನ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿಸುವ ತುಂಡು), ಒಂದು ಜೊತೆ ಬ್ರೇಕ್ ಪ್ಯಾಡ್ ಮನೆಯಿಂದಲೇ ತನ್ನಿ. ಹಿಂದೆ ಒಂಬತ್ತು ಗೇರಿನ ಸೈಕಲ್ಲಿನ ಲಿಂಕ್ ಹತ್ತು ಗೇರಿನ ಚೈನಿಗೆ ಕೂರುವುದಿಲ್ಲ. ಊರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಕೊಡುತ್ತಾರೆ, ಆದರೆ ಸಣ್ಣ ಬಾಯಿಯ ಪ್ರೆಸ್ಟಾ ಟ್ಯೂಬ್ ಅಲ್ಲಿ ಸಿಗುತ್ತದೆಂದು ನಂಬಬೇಡಿ.

ನಾಲ್ಕು ದಿನದ ದಾರಿ

ಜಿಲ್ಲೆಯಲ್ಲಿ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿಟ್ಟರೆ ಲಗೇಜ್ ಟಿಕೆಟ್ ಹಾಕಿ ಒಯ್ಯುವುದು ಸುಲಭ. ಕೊನೆಗೆ ಅದು ಕಂಡಕ್ಟರ್ ಮರ್ಜಿ. ಬೆಳಗಿನ ಖಾಲಿ ಬಸ್ಸು ನೋಡಿಕೊಳ್ಳಿ.

ಮೊದಲ ದಿನ ಕುಶಾಲನಗರದಿಂದ ಸುಂಟಿಕೊಪ್ಪ ಮೇಲೆ ಮಡಿಕೇರಿ, 30 ಕಿ.ಮೀ. ಆನೆಕಾಡು ದಾಟುವಾಗ ಹೊತ್ತು ಏರಿರಲಿ. ಹೆದ್ದಾರಿಯಾದ್ದರಿಂದ ವಾಹನ ಜಾಸ್ತಿ. ಶುಕ್ರವಾರ ಮಡಿಕೇರಿ ಸಂತೆ ಬೇರೆ. ಎರಡನೇ ದಿನ ಬೆಟ್ಟಗೇರಿ, ಚೇರಂಬಾಣೆ ಮೂಲಕ ಭಾಗಮಂಡಲ, ಸುಮಾರು 38 ಕಿ.ಮೀ. ಮೂರನೇ ಬೆಳಿಗ್ಗೆ ಚೀಲಗಳನ್ನು ಉಳಿದ ಮನೆಯಲ್ಲೇ ಬಿಟ್ಟು ತಲಕಾವೇರಿ ಹತ್ತಿ ಬನ್ನಿ. ಬರೀ 8 ಕಿ.ಮೀ., ಆದರೆ ಮುನ್ನೂರೈವತ್ತು ಮೀಟರಿಗೂ ಮೀರಿದ ಏರು. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ, ಮೇಲೆ ಗಾಳಿ ಜೋರು. ಬೆವರಿದ ಮೈಗೆ ಜಾಕೆಟ್ ಇಲ್ಲದೆ ಇಳಿಯಬೇಡಿ. ಆಮೇಲೆ ನಾಪೋಕ್ಲು ದಾಟಿ ಕಕ್ಕಬ್ಬೆಯಲ್ಲಿ ತಂಗುವುದು. 1,748 ಮೀಟರಿನ ತಡಿಯಂಡಮೋಳ್ ಬೆಟ್ಟದ ತಪ್ಪಲು ಅದು. ಸಂಜೆ ಶಕ್ತಿ ಉಳಿದಿದ್ದರೆ ನಾಲ್ಕುನಾಡು ಅರಮನೆಗೆ ಹೋಗಿ ಬನ್ನಿ. ನಾಲ್ಕನೇ ದಿನ ಕಡಂಗ ಮೂಲಕ ವಿರಾಜಪೇಟೆ. ಅಲ್ಲಿಂದ ಸೈಕಲ್ ಬಸ್ಸಿಗೆ ಹಾಕಿ. ತಿತಿಮತಿ, ಆನೆಚೌಕೂರು ಕಾಡು ದಾಟಲು ಸೈಕಲ್ ತಕ್ಕದ್ದಲ್ಲ.

ದಾರಿಯುದ್ದಕ್ಕೂ ನೆಟ್ಟಗೆ ನಿಂತಿರುವುದು ಸಿಲ್ವರ್ ಓಕ್. ಹೆಸರಿಗೆ ಓಕ್ ಅಷ್ಟೇ, ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿ. ಕಾಫಿಗೆ ನೆರಳು, ಕರಿಮೆಣಸಿನ ಬಳ್ಳಿಗೆ ಆಸರೆ, ಸೈಕಲ್ ಸವಾರನಿಗೆ ಉಪದ್ರ. ತಿರುವಿನಲ್ಲಿ ಬಿದ್ದ ಒದ್ದೆ ಎಲೆ ಸಾಬೂನಿನ ಹಾಗೆ ಜಾರುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ಮಧ್ಯದಲ್ಲಿ, ತಲಕಾವೇರಿ ದಾರಿಯಲ್ಲಿ ಕಾಲಿಡಲು ಜಾಗವಿರದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಭಾಗಮಂಡಲದ ಸಂಗಮದಲ್ಲಿ ನೀರು ರಸ್ತೆಗೇ ಬರುತ್ತದೆ, ಗುಡ್ಡ ಕುಸಿಯುತ್ತದೆ. 2018ರಲ್ಲೂ 2020ರಲ್ಲೂ ಆಗಸ್ಟಿನಲ್ಲೇ ಅನಾಹುತವಾದದ್ದು.

ಸೇತುವೆಯ ಬಳಿ ಏನು ಮಾಡಬೇಕು

ಹೆಚ್ಚಿನವರ ಚೈನ್ ಕಳಚುವುದು, ಹ್ಯಾಂಗರ್ ಬಾಗುವುದು ಇಲ್ಲೇ. ಇಳುಕಲಿನಲ್ಲಿ ದೊಡ್ಡ ಗೇರಿನಲ್ಲಿ ಬಂದು, ಮೋರಿ ದಾಟಿ, ಏರು ಕಾಲಿಗೆ ತಗುಲಿದ ಮೇಲೆ ಗಡಿಬಿಡಿಯಲ್ಲಿ ಗೇರು ಬದಲಿಸುತ್ತಾರೆ. ಚೈನ್ ಬಿಗಿಯಾಗಿ ಎಳೆಯುತ್ತಿರುವಾಗ ಹಲ್ಲಿನಿಂದ ಹಲ್ಲಿಗೆ ಸರಿಯದೆ ಒಳಕ್ಕೆ ಬೀಳುತ್ತದೆ. ಸೇತುವೆ ಕಂಡ ಕೂಡಲೇ, ಇನ್ನೂ ಇಳಿಯುತ್ತಿರುವಾಗಲೇ, ಹಗುರವಾಗಿ ತುಳಿಯುತ್ತ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ಬನ್ನಿ. ಹಿಂದಿನದನ್ನು ಏರು ಶುರುವಾದ ಮೇಲೆ ಒಂದೊಂದೇ ಬದಲಿಸಿದರೆ ಸಾಕು.

ಇಳಿಯುವಾಗ ಬ್ರೇಕನ್ನು ಸದಾ ಅರ್ಧ ಒತ್ತಿ ಹಿಡಿಯಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ರಿಮ್ ಬ್ರೇಕ್ ಇದ್ದರೆ ಎರಡು ಕಿ.ಮೀ.ಗೊಮ್ಮೆ ನಿಂತು ರಿಮ್ ಆರಲು ಬಿಡಿ. ಕಾದ ರಿಮ್ಮಿನಲ್ಲಿ ಟ್ಯೂಬ್ ಒಡೆಯಬಹುದು. ಡಿಸ್ಕ್ ಆದರೆ ಬಿಸಿ ನೋಡಲು ಬೆರಳು ತಾಗಿಸಲೇಬೇಡಿ, ಸುಟ್ಟೀತು. ಕೆಮ್ಮಣ್ಣು ಮಿಶ್ರಿತ ನೀರು ಪ್ಯಾಡನ್ನು ಸಾಣೆಕಲ್ಲಿನಂತೆ ಸವೆಸುತ್ತದೆ. ಒಂದು ಮಿ.ಮೀ.ಗಿಂತ ತೆಳುವಾದರೆ ಬದಲಿಸಿ.

ಹಿಂದಿನ ಚಕ್ರದ ಕಡ್ಡಿ ಮುರಿಯುವುದು ಸಾಮಾನ್ಯವಾಗಿ ಚೈನಿನ ಬದಿಯಲ್ಲಿ, ಗುಂಡಿಗೆ ಇಳಿದಾಗ. ರಿಮ್ ಎಡಕ್ಕೆ ವಾಲಿ ಬ್ರೇಕಿಗೆ ಉಜ್ಜುತ್ತದೆ. ಮುರಿದ ಕಡ್ಡಿಯನ್ನು ತೆಗೆಯಿರಿ, ಇಲ್ಲವೇ ಪಕ್ಕದ ಕಡ್ಡಿಗೆ ಸುತ್ತಿ ಟೇಪ್ ಹಾಕಿ. ಅದರ ಆಚೀಚೆಗಿರುವ ಎಡಬದಿಯ ಎರಡು ಕಡ್ಡಿಗಳ ನಿಪ್ಪಲ್ (ರಿಮ್ಮಿನ ಬಳಿ ಕಡ್ಡಿ ಬಿಗಿಯುವ ನಟ್ಟು) ಅರ್ಧ ಸುತ್ತು ಸಡಿಲಿಸಿ, ಚಕ್ರ ತಿರುಗಿಸಿ ನೋಡಿ. ಸಾಲದಿದ್ದರೆ ಇನ್ನು ಕಾಲು ಸುತ್ತು. ಹೊಸ ಕಡ್ಡಿ ಸಿಗುವವರೆಗೆ ನಿಧಾನವಾಗಿ ಓಡಿಸಿದರೆ ಚಕ್ರ ತಡೆಯುತ್ತದೆ.

ಆನೆ, ಇಂಬಳ, ಗೇಟು

ಆನೆ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ, ದುಬಾರೆ ಕಡೆಯ ತೋಟಗಳಲ್ಲಿ ಅವು ಹಗಲಲ್ಲೂ ಇರುತ್ತವೆ. ಹಲಸು ಹಣ್ಣಾಗುವಾಗ ಇನ್ನೂ ಹೆಚ್ಚು. ಬೆಳಿಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ನಂತರ ಸೈಕಲ್ ಹತ್ತಬೇಡಿ. ಹೊರಡುವಾಗ ಚಹದಂಗಡಿಯಲ್ಲೋ ತೋಟದ ಕೆಲಸದವರನ್ನೋ “ಅಣ್ಣ, ಮುಂದೆ ಆನೆ ಉಂಟಾ?” ಎಂದು ಕೇಳಿ. ಯಾವ ಆ್ಯಪ್‌ಗಿಂತಲೂ ಅವರ ಸುದ್ದಿ ತಾಜಾ. ಹಬೆಯಾಡುವ ಲದ್ದಿ, ಆಗಷ್ಟೇ ಮುರಿದ ಹಸಿ ಕೊಂಬೆ ಕಂಡರೆ ನಿಲ್ಲಿ, ಬೆಲ್ ಬಾರಿಸದೆ ಹಿಂದಕ್ಕೆ ಹೋಗಿ. ಜೀಪೋ ಬಸ್ಸೋ ಬಂದರೆ ವಿಷಯ ಹೇಳಿ ಹತ್ತಿಕೊಳ್ಳಿ. ಏರಿನಲ್ಲಿ ಗಂಟೆಗೆ ಆರು ಕಿ.ಮೀ. ಹೋಗುವ ಸೈಕಲ್ ಆನೆಯಿಂದ ತಪ್ಪಿಸಿಕೊಳ್ಳದು.

ಇಂಬಳಕ್ಕೆ, ಅಂದರೆ ಜಿಗಣೆಗೆ, ಕಾಲ್ಚೀಲದ ಮೇಲೆ ಉಪ್ಪು ಬೆರೆಸಿದ ಕೊಬ್ಬರಿ ಎಣ್ಣೆ. ಹತ್ತಿದರೆ ಕೀಳಬೇಡಿ, ಚಿಟಿಕೆ ಉಪ್ಪು ಹಾಕಿ. ಮ್ಯಾಪ್ ತೋರಿಸುವ ಒಳದಾರಿಗಳು ಎಷ್ಟೋ ಸಲ ತೋಟದ ಗೇಟಿನಲ್ಲಿ ಮುಗಿಯುತ್ತವೆ. ಕೇಳದೆ ನುಗ್ಗಿದರೆ ಮೊದಲು ಬರುವುದು ನಾಯಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಕಕ್ಕಬ್ಬೆ ಕಡೆ ಸಿಗ್ನಲ್ ಕೈಕೊಡುತ್ತದೆ, ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಕುಡಿಯಲು ಗಂಟೆಗೆ ಅರ್ಧ ಲೀಟರ್ ನೀರು. ಬೆಳಿಗ್ಗೆ ಕಡಂಬುಟ್ಟೋ (ಅಕ್ಕಿ ತರಿಯ ಉಂಡೆ) ಅಕ್ಕಿ ರೊಟ್ಟಿಯೋ ಹೊಟ್ಟೆ ತುಂಬ ತಿಂದು, ಜೇಬಿನಲ್ಲಿ ಬಾಳೆಹಣ್ಣು, ಕಡ್ಲೆ ಮಿಠಾಯಿ ಇಟ್ಟುಕೊಳ್ಳಿ. ಹಂದಿ ಮಾಂಸದ ಪಂದಿ ಕರಿಯನ್ನು ರಾತ್ರಿಗೆ ಇಟ್ಟುಕೊಂಡರೆ ಒಳ್ಳೆಯದು; ಮಧ್ಯಾಹ್ನ ತಿಂದರೆ ಮುಂದಿನ ಏರು ಹತ್ತುವವರಾರು?

ಸಂಜೆ ಸೈಕಲ್ ತೊಳೆಯಲು ಬಕೆಟ್ಟು, ಹಳೆ ಬ್ರಷ್ ಸಾಕು. ತೋಟದ ಮನೆಯಲ್ಲಿ ಜೀಪು ತೊಳೆಯುವ ಜೋರಿನ ಪೈಪು ಕೊಡಲು ಬರುತ್ತಾರೆ, ಬೇಡವೆನ್ನಿ. ನೀರು ಚಕ್ರದ ನಡುವಿನ ಹಬ್ಬಿನೊಳಗೆ ಹೋಗಿ ಗ್ರೀಸ್ ಕೆಡುತ್ತದೆ. ಚೈನ್ ಒರೆಸಿ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಒರೆಸಿಬಿಡಿ. ಒದ್ದೆ ಎಣ್ಣೆ ಉಳಿದರೆ ನಾಳಿನ ಕೆಮ್ಮಣ್ಣೆಲ್ಲ ಅದಕ್ಕೇ ಅಂಟುತ್ತದೆ.