ವಿಜ್ಞಾನದಿಂದ ಧರ್ಮ ಕ್ಷೀಣಿಸುವುದೇ? ಈ ಪ್ರಶ್ನೆಯನ್ನು ಪರಿಶೀಲಿಸುವ ಕ್ರಮ

ವಿಜ್ಞಾನ ಬೆಳೆದಂತೆ ಧರ್ಮ ತಾನಾಗಿ ಕರಗುತ್ತದೆ ಎಂಬ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು, ಕರಗುತ್ತಿರುವುದು ಏನು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಕನ್ನಡದಲ್ಲಿ ‘ಧರ್ಮ’ ಎಂಬ ಪದ ಕರ್ತವ್ಯ, ನ್ಯಾಯ, ದಾನಗಳನ್ನೂ ಒಳಗೊಳ್ಳುವುದರಿಂದ ಇಲ್ಲಿ ‘ಮತಧರ್ಮ’ ಎಂಬ ಅರ್ಥವನ್ನಷ್ಟೇ ಹಿಡಿಯುವುದು ಲೇಸು. ಅದರಲ್ಲೂ ದೈವನಂಬಿಕೆ, ನಿಯಮಿತ ಆರಾಧನೆ ಮತ್ತು ಮತದ ಗುರುತು ಬೇರೆ ಬೇರೆ. ಒಂದು ಕುಸಿದ ಮೇಲೂ ಇನ್ನೊಂದು ದಶಕಗಳ ಕಾಲ ಉಳಿಯಬಲ್ಲದು.

ಅಂಕಿಅಂಶ ಕೈಗೆ ಸಿಕ್ಕಾಗ ಮೊದಲು ಪ್ರಶ್ನೆಯ ವಾಕ್ಯವನ್ನು ಓದಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ ‘ನಿಮ್ಮ ಧರ್ಮ ಯಾವುದು?’ ಎಂದು ಕೇಳುತ್ತದೆ. ಉತ್ತರಿಸುವವನಿಗೆ ಧರ್ಮವೊಂದು ಇದ್ದೇ ಇದೆ ಎಂಬ ಊಹೆ ಆ ವಾಕ್ಯದಲ್ಲೇ ಅಡಗಿದೆ. ‘ಯಾವುದಾದರೂ ಧರ್ಮಕ್ಕೆ ಸೇರಿದವರೆಂದು ನೀವು ಭಾವಿಸುತ್ತೀರಾ?’ ಎಂದು ಕೇಳುವ ಸಮೀಕ್ಷೆಯಲ್ಲಿ ‘ಇಲ್ಲ’ ಎನ್ನುವವರು ಗಣನೀಯವಾಗಿ ಹೆಚ್ಚುತ್ತಾರೆ. ಆದ್ದರಿಂದ ಒಂದೇ ಪ್ರಶ್ನೆಗೆ ಬೇರೆ ಬೇರೆ ವರ್ಷಗಳಲ್ಲಿ ಬಂದ ಉತ್ತರಗಳನ್ನು ಮಾತ್ರ ಹೋಲಿಸಿ. ಹಾಗೆ ಹೋಲಿಸಿದಾಗಲೂ ಅಲ್ಲಿನ ಇಳಿಕೆ ನಿಜವೇ ಆಗಿದೆ: ಕ್ರೈಸ್ತರೆಂದು ಬರೆಸಿದವರು 2011ರಲ್ಲಿ ಶೇ. 59.3 ಇದ್ದರೆ, 2021ರಲ್ಲಿ ಶೇ. 46.2.

ಈ ಇಳಿಕೆಯನ್ನು ನೇರವಾಗಿ ವಿಜ್ಞಾನದ ಲೆಕ್ಕಕ್ಕೆ ಬರೆಯುವ ಅವಸರ ಬೇಡ. ಮನಶ್ಶಾಸ್ತ್ರಜ್ಞ ಜೇಮ್ಸ್ ಲ್ಯೂಬಾ 1914ರಲ್ಲಿ ಅಮೆರಿಕದ ವಿಜ್ಞಾನಿಗಳನ್ನು ವಿಚಾರಿಸಿದಾಗ, ಪ್ರಾರ್ಥನೆಗೆ ಓಗೊಡುವ ದೇವರಿದ್ದಾನೆ ಎಂದವರು ಹತ್ತರಲ್ಲಿ ಸುಮಾರು ನಾಲ್ವರು. 1996ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಆಯ್ದ ಹಿರಿಯ ವಿಜ್ಞಾನಿಗಳ ಸಂಸ್ಥೆಯಾದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಲ್ಲಿ, 1998ರ ವರದಿಯಂತೆ, ಅದು ಶೇ. 7ರಷ್ಟು ಮಾತ್ರ. ಎರಡನ್ನೂ ಒಟ್ಟಿಗೆ ಹೇಳದವರ ವಾದವನ್ನು ಅರ್ಧವೆಂದೇ ಎಣಿಸಬೇಕು.

ರಾಜ್ಯಶಾಸ್ತ್ರಜ್ಞರಾದ ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2004ರಲ್ಲಿ ಮಂಡಿಸಿದ ವಿವರಣೆ ನನಗೆ ಹೆಚ್ಚು ಬಲವಾಗಿ ತೋರುತ್ತದೆ: ಹಸಿವು, ರೋಗ, ಅಕಾಲ ಮರಣಗಳ ಭಯ ತಗ್ಗಿದ ಸಮಾಜದಲ್ಲಿ, ನೆಮ್ಮದಿಯಲ್ಲಿ ಬೆಳೆದ ತಲೆಮಾರಿಗೆ ಧರ್ಮದ ಆಸರೆ ಅಷ್ಟು ತುರ್ತೆನಿಸುವುದಿಲ್ಲ. ಇದನ್ನು ಪರೀಕ್ಷಿಸಲು ದೇಶದ ಸರಾಸರಿಯನ್ನು ಬಿಟ್ಟು ವಯೋಮಾನದ ಪಟ್ಟಿಯನ್ನು ತೆರೆಯಿರಿ. ವೃದ್ಧರಲ್ಲಿ ಆರಾಧನೆ ಸ್ಥಿರವಾಗಿದ್ದು ಯುವಕರಲ್ಲಿ ಕಡಿಮೆಯಿದ್ದರೆ, ಇಪ್ಪತ್ತು ವರ್ಷ ಹಿಂದಿನ ಯುವಕರ ಉತ್ತರವನ್ನೂ ಹುಡುಕಿ. ಇಲ್ಲದಿದ್ದರೆ ವಯಸ್ಸಿನ ಪರಿಣಾಮವನ್ನು ಕಾಲದ ಬದಲಾವಣೆ ಎಂದು ತಿಳಿಯುವ ಅಪಾಯವಿದೆ.

ಕೊನೆಯದಾಗಿ ಜನನ ಪ್ರಮಾಣವನ್ನು ನೋಡಿ. ಧಾರ್ಮಿಕತೆ ಗಾಢವಾಗಿರುವ ಸಮಾಜಗಳಲ್ಲಿ ಸಾಮಾನ್ಯವಾಗಿ ಮಕ್ಕಳು ಹೆಚ್ಚು ಹುಟ್ಟುವುದರಿಂದ, ಅನೇಕ ದೇಶಗಳಲ್ಲಿ ಧರ್ಮ ಇಳಿಯುತ್ತಿರುವಾಗಲೇ ಜಗತ್ತಿನ ಜನಸಂಖ್ಯೆಯಲ್ಲಿ ಧಾರ್ಮಿಕರ ಪಾಲು ಏರಬಹುದು. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಹಾಳೆಯಲ್ಲೇ ಮಾಡಿ.